ಹೂಂಗುಟ್ಟುವವರೂ ಕತೆಗಾರರೇ

(ಶೆಟ್ಟಿಕೊಪ್ಪದಲ್ಲಿ ಪೋಷಕರು ಮತ್ತು ಶಿಕ್ಷಕರ ಎದುರು ಆಡಿದ ಮಾತುಗಳ ಬರಹರೂಪ)



ಮಕ್ಕಳಿಗೆ ಕತೆ ಹೇಳುವ ಬಗೆ ಹೇಗೆ ಎಂಬ ಬಗ್ಗೆ ನಾಲ್ಕು ಮಾತನಾಡಬೇಕೆಂದು ಕರೆದಿದ್ದೀರಿ. ಈ ವಿಷಯದಲ್ಲಿ ನಿಮಗೆ ಪಾಠ ಹೇಳುವ ವಯಸ್ಸು ನನ್ನದಲ್ಲ. ಇಲ್ಲಿ ಕುಳಿತಿರುವ ಅಜ್ಜಿಯಂದಿರಲ್ಲಿ ಒಬ್ಬೊಬ್ಬರ ಬಳಿಯೂ ನನ್ನ ಬಳಿ ಇರುವುದಕ್ಕಿಂತ ಹೆಚ್ಚು ಕತೆಗಳಿವೆ. ವರದಿಗಾರನಾಗಿ ಊರೂರು ತಿರುಗುವಾಗ ಕಂಡದ್ದನ್ನೂ ಪುಸ್ತಕಗಳಲ್ಲಿ ಓದಿದ್ದನ್ನೂ ಒಟ್ಟಿಗೆ ಇಟ್ಟು ತೋರಿಸುವುದಷ್ಟೇ ನನ್ನಿಂದ ಆಗುವ ಕೆಲಸ.

ಆದರೆ ನೀವು ಕೊಟ್ಟ ವಿಷಯವನ್ನು ಸ್ವಲ್ಪ ತಿದ್ದಿಕೊಳ್ಳಲು ಅಪ್ಪಣೆ ಬೇಕು. ಮಕ್ಕಳಿಗೆ ಕತೆ ಹೇಳುವುದರ ಬಗ್ಗೆ ಅಲ್ಲ, ಮಕ್ಕಳ ಜೊತೆ ಕೂತು ಕತೆ ಕಟ್ಟುವುದರ ಬಗ್ಗೆ ಮಾತನಾಡುತ್ತೇನೆ. ಇವೆರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಕತೆ ದೊಡ್ಡವರ ಕೈಯಲ್ಲಿ ಪೂರ್ತಿ ಬೆಂದು ಬಂದಿರುತ್ತದೆ, ಮಕ್ಕಳು ಎಲೆ ಹಾಕಿಕೊಂಡು ಕೂತರೆ ಸಾಕು. ಎರಡನೆಯದರಲ್ಲಿ ಅವರೂ ಅಡುಗೆಮನೆಗೆ ಬರುತ್ತಾರೆ. ಉಪ್ಪು ಹೆಚ್ಚಾಗಬಹುದು, ಒಂದೆರಡು ಪಾತ್ರೆ ಬೀಳಬಹುದು. ಅದಕ್ಕೆ ನಾವು ಸಿದ್ಧರಿರಬೇಕು, ಅಷ್ಟೆ.

ಇದೇನೋ ಪಟ್ಟಣದಿಂದ ಬಂದ ಹೊಸ ಪದ್ಧತಿ ಎಂದು ಕೆಲವರಿಗೆ ಅನ್ನಿಸಬಹುದು. ಬೇಸಿಗೆ ಶಿಬಿರಗಳ ಕರಪತ್ರಗಳಲ್ಲಿ ಇಂಥ ಮಾತು ಕಾಣುವುದೂ ಉಂಟು. ಆದರೆ ನಮ್ಮ ಮಲೆನಾಡಿನಲ್ಲಿ ಕತೆ ಎನ್ನುವುದು ಎಂದೂ ಒಬ್ಬರ ಕೆಲಸವಾಗಿರಲಿಲ್ಲ. ಅಡಿಕೆ ಸುಲಿಯುವ ರಾತ್ರಿಗಳನ್ನು ನೆನಪಿಸಿಕೊಳ್ಳಿ. ಕೊಯ್ಲಿನ ಕಾಲದಲ್ಲಿ ನೆರೆಹೊರೆಯವರೆಲ್ಲ ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂರುತ್ತಿದ್ದರು. ಕೆಲಸ ಮುಗಿಯುವ ಹೊತ್ತಿಗೆ ನಡುರಾತ್ರಿ. ನಿದ್ದೆ ತಡೆಯಲು ಒಬ್ಬರು ಕತೆ ತೆಗೆಯುತ್ತಿದ್ದರು. ಮತ್ತೊಬ್ಬರು ಹೂಂ ಎನ್ನುತ್ತಿದ್ದರು. ಮೂರನೆಯವರು, ‘ಹಾಗಲ್ಲ ಮಾರಾಯ, ನಮ್ಮ ಕಡೆ ಅದನ್ನು ಬೇರೆ ಥರ ಹೇಳುತ್ತಾರೆ’ ಎಂದು ನಡುವೆ ಬಾಯಿ ಹಾಕುತ್ತಿದ್ದರು. ಕತೆ ಅಲ್ಲಿಂದ ಇನ್ನೊಂದು ದಾರಿ ಹಿಡಿಯುತ್ತಿತ್ತು. ಚಪ್ಪರದ ಮೂಲೆಯಲ್ಲಿ ಕಂಬಳಿ ಹೊದ್ದ ಮಕ್ಕಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವು, ‘ಆಮೇಲೆ?’ ಎಂದು ಕೇಳಲು ಅವಕ್ಕೂ ಹಕ್ಕಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ಯಂತ್ರದ ಸದ್ದಿನಲ್ಲಿ ಕತೆ ಹೇಳಲಾಗದು. ಹಾಗೆಂದು ಯಂತ್ರವನ್ನು ಬೈಯಲು ನಾನಿಲ್ಲಿ ನಿಂತಿಲ್ಲ. ಆ ರಾತ್ರಿಗಳ ಚಳಿ, ಬೆರಳಿಗೆ ಹತ್ತಿದ ಕಲೆ, ಸೊಂಟನೋವು ಅನುಭವಿಸಿದವರು ಯಂತ್ರ ಬಂದದ್ದೇ ಒಳ್ಳೆಯದಾಯಿತು ಎನ್ನುತ್ತಾರೆ, ಅದು ನ್ಯಾಯವಾದ ಮಾತೇ.

ಈ ಹೂಂಗುಟ್ಟುವ ವಿಷಯವನ್ನು ನಾವು ಹಗುರವಾಗಿ ನೋಡುತ್ತೇವೆ. ಮಗು ಎಚ್ಚರವಾಗಿದೆಯೋ ನಿದ್ದೆ ಹೋಯಿತೋ ತಿಳಿಯಲು ಅಜ್ಜಿ ಕಂಡುಕೊಂಡ ಉಪಾಯ ಎಂದಷ್ಟೇ ತಿಳಿದಿದ್ದೇವೆ. ಅದು ಅಷ್ಟೇ ಅಲ್ಲ. ಹೂಂ ಎನ್ನುವುದರಲ್ಲಿ ಎಷ್ಟೋ ಬಗೆಗಳಿವೆ. ಬೇಸರದ ಹೂಂ ಬಂದರೆ ಅಜ್ಜಿ ಕಾಡನ್ನು ಬೇಗ ದಾಟಿಸುತ್ತಾಳೆ. ಹೆದರಿದ ಹೂಂ ಬಂದರೆ ರಾಕ್ಷಸನ ಹಲ್ಲನ್ನು ಸ್ವಲ್ಪ ಮೊಂಡು ಮಾಡುತ್ತಾಳೆ. ‘ಹೂಂ?’ ಎಂದು ದನಿ ಮೇಲೆದ್ದರೆ ಅಲ್ಲೊಂದು ವಿವರಣೆ ಸೇರಿಸುತ್ತಾಳೆ. ಅಂದರೆ ಕೇಳುವ ಮಗು ಒಂದೇ ಅಕ್ಷರದಲ್ಲಿ ಇಡೀ ಕತೆಯನ್ನು ನಡೆಸುತ್ತಿರುತ್ತದೆ. ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ 1965ರಲ್ಲಿ ಶುರುವಾಯಿತು. ಈ ಭಾಗದ ಎಷ್ಟೋ ಮನೆಗಳ ಮಕ್ಕಳು ರೇಡಿಯೋದಲ್ಲಿ ಕತೆ, ನಾಟಕ ಕೇಳಿ ಬೆಳೆದರು. ಆಮೇಲೆ ದೂರದರ್ಶನ, ಅದಾದ ಮೇಲೆ ಮೊಬೈಲ್ ಫೋನ್. ಒಂದಕ್ಕಿಂತ ಒಂದು ಚೆನ್ನಾಗಿ ಕತೆ ಹೇಳುತ್ತವೆ. ಆದರೆ ಇವುಗಳ ಮುಂದೆ ಕೂತು ಮಗು ಹೂಂ ಎಂದರೂ ಒಂದೇ, ಬಿಟ್ಟರೂ ಒಂದೇ. ಕತೆ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ.

ಕಾಗಕ್ಕ ಗುಬ್ಬಕ್ಕನ ಕತೆ ನಿಮಗೆಲ್ಲ ಗೊತ್ತು. ಕಾಗಕ್ಕನ ಮನೆ ಕೆಲವರಲ್ಲಿ ಸಗಣಿಯದು, ಕೆಲವರಲ್ಲಿ ಮಣ್ಣಿನದು. ಮಳೆ ಬಂದು ಮನೆ ಕೊಚ್ಚಿಹೋಗುತ್ತದೆ. ಅವಳು ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಬಾಗಿಲು ತೆಗೆಯದೆ ಒಂದೊಂದೇ ನೆಪ ಹೇಳುತ್ತಾಳೆ. ಮಗುವಿಗೆ ನೀರು ಹಾಕುತ್ತಿದ್ದೇನೆ ತಡಿ, ಮೈ ಒರೆಸುತ್ತಿದ್ದೇನೆ ತಡಿ, ಹೀಗೆ. ಈ ನೆಪಗಳ ಜಾಗವನ್ನು ಗಮನಿಸಿ. ಅಲ್ಲಿ ಎಷ್ಟು ನೆಪ ಬೇಕಾದರೂ ಹಿಡಿಸುತ್ತವೆ. ಮೂರು ವರ್ಷದ ಮಗುವೂ ಅಲ್ಲಿ ತನ್ನದೊಂದು ಸೇರಿಸಬಲ್ಲದು, ‘ಚಡ್ಡಿ ಹಾಕ್ತಾ ಇದೀನಿ ತಡಿ’ ಎಂದು. ಕತೆ ಕೆಡುವುದಿಲ್ಲ. ನಮ್ಮ ಹಿರಿಯರು ಬೇಕೆಂದೇ ಅಲ್ಲಿ ಒಂದು ಬಾಗಿಲು ಬಿಟ್ಟಿದ್ದಾರೆ. ಗುಬ್ಬಕ್ಕ ಕಾಗಕ್ಕನಿಗೆ ತೆಗೆಯದ ಬಾಗಿಲನ್ನು ಅಜ್ಜಿ ಮೊಮ್ಮಕ್ಕಳಿಗೆ ತೆಗೆದಿಟ್ಟಿದ್ದಾಳೆ. ಆರು ವರ್ಷದ ಒಳಗಿನ ಮಕ್ಕಳಿಗೆ ಇಂಥ ಮರಳಿ ಮರಳಿ ಬರುವ ಕತೆಗಳಿಗಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಅಂಗನವಾಡಿಯಲ್ಲಿ ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಬೇರೆ ಮಾದರಿ ಬೇಕು. ಅದೂ ನಮ್ಮ ನೆಲದಲ್ಲೇ ಇದೆ. ತಾಳಮದ್ದಲೆ! ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ವೇಷವಿಲ್ಲದೆ, ಕುಣಿತವಿಲ್ಲದೆ, ಬರಿಯ ಮಾತಿನಲ್ಲಿ ನಡೆಯುವ ಕೂಟಗಳನ್ನು ನೀವು ಕಂಡವರೇ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಆಗಿಂದಾಗ್ಗೆ ಮಾತು ಕಟ್ಟುತ್ತಾರೆ, ಯಾರೂ ಬರೆದುಕೊಟ್ಟದ್ದಲ್ಲ. ದೇರಾಜೆ ಸೀತಾರಾಮಯ್ಯ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಇದನ್ನು ಎಷ್ಟು ಎತ್ತರಕ್ಕೆ ಒಯ್ದರು ಎಂಬುದನ್ನು ಹಿರಿಯರು ಬಲ್ಲರು. ವಾಲಿ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು, ಅದು ಬದಲಾಗುವುದಿಲ್ಲ. ಆದರೆ ಸಾಯುವ ಮುನ್ನ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಅದಕ್ಕೆ ಏನು ಹೇಳಿ ಪಾರಾಗುತ್ತಾನೆ ಎಂಬುದು ಆ ರಾತ್ರಿ, ಆ ಇಬ್ಬರ ನಡುವೆ ಹುಟ್ಟಬೇಕು. ಒಬ್ಬನ ಮಾತು ಇನ್ನೊಬ್ಬನ ಮಾತನ್ನು ಕಾಯುತ್ತದೆ. ಎದುರಾಳಿ ಚೆನ್ನಾಗಿ ಕೇಳಿಸಿಕೊಳ್ಳದಿದ್ದರೆ ಇಡೀ ಪ್ರಸಂಗ ನೆಲಕಚ್ಚುತ್ತದೆ.

ಅಂದರೆ ಗಟ್ಟಿಯಾದ ಒಂದು ಹಂದರ, ಅದರ ಮೇಲೆ ಬಳ್ಳಿ ಹೇಗೆ ಬೇಕಾದರೂ ಹಬ್ಬಬಹುದು. ಮಕ್ಕಳ ಕತೆಕೂಟದ ಗುಟ್ಟೂ ಇಷ್ಟೇ. ‘ಏನಾದರೂ ಕತೆ ಕಟ್ಟಿ ಮಕ್ಕಳೇ’ ಎಂದರೆ ಮಕ್ಕಳು ಪರಸ್ಪರ ಮುಖ ನೋಡಿಕೊಳ್ಳುತ್ತವೆ. ಅವಕ್ಕೆ ಕಟ್ಟಲು ಬರುವುದಿಲ್ಲವೆಂದಲ್ಲ, ಹಂದರವಿಲ್ಲ.

ಹಂದರ ಹಾಕಿಕೊಡುವ ಬಗ್ಗೆ ಹೊರದೇಶದವರೂ ತಲೆ ಕೆಡಿಸಿಕೊಂಡಿದ್ದಾರೆ. ಇಟಲಿಯ ಜಾನ್ನಿ ರೊದಾರಿ ಎಂಬ ಮಕ್ಕಳ ಸಾಹಿತಿ 1972ರಲ್ಲಿ ರೆಜಿಯೊ ಎಮಿಲಿಯಾ ಎಂಬ ಊರಿನಲ್ಲಿ ಶಿಕ್ಷಕರ ಮುಂದೆ ಕೆಲವು ದಿನ ಮಾತನಾಡಿದ. ಮರುವರ್ಷ ಅದೇ ಪುಸ್ತಕವಾಯಿತು. ಅವನು ಹೇಳಿದ ಒಂದು ಉಪಾಯ ಬಹಳ ಸರಳ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪದ ತೆಗೆದುಕೊಳ್ಳಿ, ಅವೆರಡನ್ನೂ ಒಂದೇ ಕತೆಯಲ್ಲಿ ಕೂರಿಸಿ. ಅವನ ಉದಾಹರಣೆ ನಾಯಿ ಮತ್ತು ಬಟ್ಟೆ ಬೀರು. ಇಲ್ಲಿ ನಾವು ಹಾಳೆಟೊಪ್ಪಿ ಮತ್ತು ಮೊಬೈಲ್ ಟವರ್ ಎನ್ನೋಣ. ಹಾಳೆಟೊಪ್ಪಿ ಹಾಕಿಕೊಂಡ ಟವರ್, ಟವರ್ ತುದಿಗೆ ಹಾರಿಹೋದ ಹಾಳೆಟೊಪ್ಪಿ, ಟವರ್ ಇಲ್ಲದ ಊರಿನಲ್ಲಿ ತಲೆಗಿಟ್ಟರೆ ಮಾತ್ರ ಸಿಗ್ನಲ್ ಹಿಡಿಯುವ ಹಾಳೆಟೊಪ್ಪಿ. ನೋಡಿ, ನೀವೇ ನಗುತ್ತಿದ್ದೀರಿ. ನಮ್ಮ ಕಡೆಯ ಸಿಗ್ನಲ್ ಸಮಸ್ಯೆಗೆ ಇದೊಂದೇ ಪರಿಹಾರ ಎಂದು ಕಾಣುತ್ತದೆ.

ಅಮೆರಿಕದ ಎಡ್ವರ್ಡ್ ಪ್ಯಾಕರ್ಡ್ ಎಂಬ ವಕೀಲನ ಪ್ರಸಂಗ ಇನ್ನೂ ಸ್ವಾರಸ್ಯದ್ದು. ರಾತ್ರಿ ಮಲಗುವಾಗ ಹೆಣ್ಣುಮಕ್ಕಳಿಗೆ ಕತೆ ಹೇಳುತ್ತಿದ್ದವನಿಗೆ ಒಂದು ದಿನ ಮುಂದೇನು ಹೇಳಬೇಕೆಂದೇ ತೋಚಲಿಲ್ಲ. ‘ಈಗ ಏನು ಮಾಡಬೇಕು?’ ಎಂದು ಮಕ್ಕಳನ್ನೇ ಕೇಳಿದ. ಒಬ್ಬಳು ಒಂದು ಹೇಳಿದಳು, ಇನ್ನೊಬ್ಬಳು ಬೇರೆಯೇ ಹೇಳಿದಳು. ಹಾಗಾದರೆ ಎರಡೂ ಇರಲಿ ಎಂದು ಕವಲೊಡೆಯುವ ಕತೆ ಬರೆದ. ಈ ದಾರಿ ಬೇಕಾದರೆ ಇಷ್ಟನೇ ಪುಟ, ಆ ದಾರಿ ಬೇಕಾದರೆ ಅಷ್ಟನೇ ಪುಟ. 1969ರಲ್ಲಿ ಬರೆದ ಆ ಪುಸ್ತಕ ಅಚ್ಚಾದದ್ದು 1976ರಲ್ಲಿ. 1979ರಿಂದ ಅಂಥದ್ದೇ ಪುಸ್ತಕಗಳ ಮಾಲೆ ಬಂದು ಜಗತ್ತೆಲ್ಲ ಹಬ್ಬಿತು. ಕತೆ ಮರೆತ ಅಪ್ಪ ಮಕ್ಕಳ ಹೂಂಗೆ ಕಿವಿಗೊಟ್ಟದ್ದರಿಂದ ಆದದ್ದು ಇದು.

ಈ ಕವಲು ಕತೆಯನ್ನು ಪುಸ್ತಕವಿಲ್ಲದೆಯೂ ಆಡಬಹುದು. ಶಾಲೆಯ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಮುಂದೆ ಎರಡು ಮಾಡಿ. ಕತೆ ಕವಲಿಗೆ ಬಂದಾಗ ನಿಲ್ಲಿಸಿ: ಹುಡುಗ ಹೊಳೆ ದಾಟಬೇಕೋ, ದೋಣಿಗಾಗಿ ಕಾಯಬೇಕೋ? ಮಕ್ಕಳು ಎದ್ದು ತಮಗೆ ಬೇಕಾದ ಗೆರೆಯ ಮೇಲೆ ನಿಲ್ಲುತ್ತವೆ. ಇಲ್ಲಿ ಒಂದು ಎಚ್ಚರ. ಹೆಚ್ಚು ಜನ ನಿಂತ ಕಡೆಗೆ ಕತೆ ಒಯ್ಯುವುದು ಸುಲಭ, ಹಲವರು ಹಾಗೆಯೇ ಮಾಡುತ್ತಾರೆ. ನನಗದು ಸರಿಕಾಣುವುದಿಲ್ಲ. ಮೂವತ್ತು ಮಕ್ಕಳು ದೋಣಿ ಕಾದರೆ, ಇಬ್ಬರು ಹೊಳೆಗಿಳಿದರೆ, ಆ ಇಬ್ಬರ ಕತೆಯೂ ನಡೆಯಲಿ. ಎರಡು ಗುಂಪೂ ತಮ್ಮ ತಮ್ಮ ಕತೆ ಕಟ್ಟಿ ಆಚೆ ದಡದಲ್ಲಿ ಭೇಟಿಯಾಗಲಿ. ಕತೆಯಲ್ಲೂ ಮತ ಎಣಿಸುವುದನ್ನು ಮಕ್ಕಳಿಗೆ ಕಲಿಸಬೇಕೆ?

ಇನ್ನು ಸರಪಳಿ ಕತೆ. ಒಂದು ಒಣ ಅಡಿಕೆ ತೆಗೆದುಕೊಳ್ಳಿ. ಅಡಿಕೆ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತನಾಡಬೇಕು. ಒಬ್ಬರಿಗೆ ಒಂದೆರಡು ವಾಕ್ಯ. ಹತ್ತರಿಂದ ಹದಿನೈದು ಮಕ್ಕಳಾದರೆ ಚೆನ್ನ, ಅದಕ್ಕಿಂತ ಹೆಚ್ಚಾದರೆ ಕೊನೆಯ ಮಗುವಿಗೆ ಬರುವಷ್ಟರಲ್ಲಿ ಮೊದಲ ಮಗು ಪಕ್ಕದವನನ್ನು ಜಿಗುಟುತ್ತಿರುತ್ತದೆ. ಮಾತು ಹೊಳೆಯದ ಮಗು ಅಡಿಕೆಯನ್ನು ಸುಮ್ಮನೆ ಮುಂದೆ ದಾಟಿಸಬಹುದು, ಯಾರೂ ಏನೂ ಅನ್ನುವಂತಿಲ್ಲ. ಇನ್ನೊಬ್ಬರು ತಂದ ಪಾತ್ರವನ್ನು ಒಂದೇ ಏಟಿಗೆ ಸಾಯಿಸುವಂತಿಲ್ಲ. ಗಂಡುಹುಡುಗರು ಹುಲಿಯನ್ನು ಕರೆತಂದು ಎಲ್ಲರನ್ನೂ ತಿನ್ನಿಸಿಬಿಡುತ್ತಾರೆ, ಆದ್ದರಿಂದ ಈ ಕಟ್ಟಳೆ.

ಇಂಥ ಒಂದು ಕೂಟವನ್ನು ನಾನು ಮಲೆನಾಡಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ನೋಡಿದೆ. ಟೀಚರ್ ಶುರು ಮಾಡಿದರು: ಒಂದು ಬೆಳಿಗ್ಗೆ ನೋಡಿದರೆ ಶಾಲೆಯ ಗಂಟೆಯೇ ಇಲ್ಲ. ಮಂಗ ಕದ್ದಿತು ಎಂದಿತು ಒಂದು ಮಗು. ಮಂಗ ಹಲಸಿನ ಮರದ ಮೇಲೆ ಕೂತು ಬಾರಿಸಿತು, ಎಲ್ಲರೂ ಊಟಕ್ಕೆ ಓಡಿದರು ಎಂದಿತು ಇನ್ನೊಂದು. ಬಿಸಿಯೂಟದ ಹಂಡೆ ಖಾಲಿ ಇತ್ತು ಎಂದಿತು ಮತ್ತೊಂದು. ನಗು. ಅಡಿಕೆ ಒಬ್ಬ ಹುಡುಗಿಯ ಕೈಗೆ ಬಂತು. ಅವಳು ಸ್ವಲ್ಪ ಹೊತ್ತು ಅದನ್ನು ತಿರುಗಿಸುತ್ತಾ ಕೂತಳು. ಆಮೇಲೆ ಸಣ್ಣ ದನಿಯಲ್ಲಿ, ‘ಆನೆ ಬಂತು’ ಎಂದಳು. ನಗು ನಿಂತಿತು.

ಯಾಕೆ ನಿಂತಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಭದ್ರಾ ಅಭಯಾರಣ್ಯದ ಅಂಚಿನ ಈ ತಾಲ್ಲೂಕಿನಲ್ಲಿ ಆನೆ ಎಂದರೆ ಚಿತ್ರಪುಸ್ತಕದ ಪ್ರಾಣಿಯಲ್ಲ. ತೋಟದ ಬೇಲಿ, ಬಾಳೆಗಿಡ, ಮುಂಜಾನೆ ಶಾಲೆಗೆ ನಡೆದು ಬರುವ ದಾರಿ ಎಲ್ಲವೂ ಆ ಒಂದು ಮಾತಿನಲ್ಲಿವೆ. ಟೀಚರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಏನೂ ಮಾಡದೆ ಸುಮ್ಮನಿದ್ದದ್ದು. ಅಡಿಕೆ ಪಕ್ಕದ ಹುಡುಗನಿಗೆ ಹೋಯಿತು. ಅವನ ಅಪ್ಪ ಅಮ್ಮ ಅಸ್ಸಾಮಿನಿಂದ ಕಾಫಿ ತೋಟದ ಕೆಲಸಕ್ಕೆ ಬಂದವರು. ಶಾಲೆಗೆ ಸೇರಿ ಕೆಲವೇ ತಿಂಗಳಾಗಿತ್ತು, ಕನ್ನಡ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಅವನು ದಾಟಿಸಿಬಿಡುತ್ತಾನೆ ಎಂದುಕೊಂಡೆವು. ಅವನು ಎದ್ದುನಿಂತು, ತೋಳನ್ನು ಸೊಂಡಿಲು ಮಾಡಿ, ಆನೆ ಘೀಳಿಟ್ಟಂತೆ ಕೂಗಿದ. ಅಷ್ಟೇ ಅವನ ವಾಕ್ಯ. ಮುಂದಿನ ಮಗು ಅದನ್ನು ವಾಕ್ಯವೆಂದೇ ಎತ್ತಿಕೊಂಡಿತು: ‘ಆನೆ ಕೂಗಿದ್ದು ಕೇಳಿ ಮಂಗ ಹೆದರಿ ಗಂಟೆ ಬಿಟ್ಟಿತು, ಅದು ಆನೆಯ ಕೊರಳಿಗೆ ಬಿತ್ತು.’ ಇನ್ನೊಂದು ಮಗು ಹೇಳಿತು: ‘ಅವತ್ತಿಂದ ಆನೆ ಬರೋದು ಊರಿಗೆಲ್ಲ ಮೊದಲೇ ಗೊತ್ತಾಗ್ತಿತ್ತು.’

ಆನೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಅರಣ್ಯ ಇಲಾಖೆ ಅವುಗಳ ಜಾಡು ಹಿಡಿಯುವುದು ದೊಡ್ಡವರಿಗೆ ಗೊತ್ತಿರುವ ವಿಷಯ. ಆ ಮಕ್ಕಳಿಗೆ ಅದು ತಿಳಿದಿತ್ತೋ ಇಲ್ಲವೋ, ತಮ್ಮ ಭಯಕ್ಕೆ ತಾವೇ ಒಂದು ಗಂಟೆ ಕಟ್ಟಿದರು. ಕೊನೆಗೆ ಟೀಚರ್ ‘ಆದ್ದರಿಂದ ಮಕ್ಕಳೇ, ಕಾಡನ್ನು ಉಳಿಸಬೇಕು’ ಎಂದು ಮುಗಿಸಿದರು. ಮಕ್ಕಳು ಒಟ್ಟಾಗಿ ‘ಹೌದು ಟೀಚರ್’ ಎಂದವು. ನನಗೆ ಆ ಒಂದು ಸಾಲು ಬೇಡವಿತ್ತು ಅನ್ನಿಸಿತು.

ಈ ತಾಲ್ಲೂಕಿನ ತರಗತಿಗಳಲ್ಲಿ ಎಷ್ಟು ಮನೆಮಾತುಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ಕೇರಳದಿಂದ ಬಂದು ನೆಲೆಸಿದವರ ಮಲಯಾಳಂ, ಘಟ್ಟದ ಕೆಳಗಿನಿಂದ ಬಂದ ತುಳು, ಕೊಂಕಣಿ, ಬ್ಯಾರಿ, ಜೊತೆಗೆ ಉರ್ದು, ತಮಿಳು. ಈಗ ಅಸ್ಸಾಮಿನ ಕಡೆಯ ಮಾತುಗಳೂ ಸೇರಿವೆ. ಪಾಠ ಒಪ್ಪಿಸು ಎಂದರೆ ಬಾಯಿ ಬಿಡದ ಮಗು ಇಂಥ ವೃತ್ತದಲ್ಲಿ ಒಂದು ಕೂಗಿನ ಮೂಲಕವಾದರೂ ಒಳಗೆ ಬರುತ್ತದೆ. ತನ್ನ ಕೂಗಿಗೆ ಇನ್ನೊಬ್ಬರು ಕನ್ನಡ ಕೊಟ್ಟದ್ದನ್ನು ಕೇಳಿಸಿಕೊಳ್ಳುತ್ತದೆ. ಹೀಗೆ ಕಲಿತ ಮಾತು ಮರೆಯುವುದು ಕಷ್ಟ. ಅಂಥ ಜಾಗ ಸಿಗದ ಮಗು ಹಿಂದಿನ ಬೆಂಚಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತು, ಒಂದು ದಿನ ತೋಟದ ಕೆಲಸಕ್ಕೆ ಹೋಗಿಬಿಡುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹರಡಿದ ನಲಿಕಲಿಯಲ್ಲಿ ಹಾಡು, ಕತೆ, ಆಟಗಳಿಗೆ ಜಾಗವಿತ್ತು. ಆದರೆ ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಕತೆ ಸ್ಪರ್ಧೆಯ ವಸ್ತುವಾಗುತ್ತದೆ. ಪ್ರತಿಭಾ ಕಾರಂಜಿಯ ವೇದಿಕೆಯಲ್ಲಿ ಮಗು ಕೈ ಬಾಯಿ ತಿರುಗಿಸಿ ಬಾಯಿಪಾಠದ ಕತೆ ಹೇಳಿ, ನೀತಿ ಒಪ್ಪಿಸಿ, ನಮಸ್ಕಾರ ಎಂದು ಇಳಿಯುತ್ತದೆ. ಚೆನ್ನಾಗಿ ಹೇಳುವ ಮಕ್ಕಳೂ ಇದ್ದಾರೆ, ಇಲ್ಲವೆನ್ನಲಾರೆ. ಆದರೆ ಅಲ್ಲಿ ಯಾರೂ ಹೂಂ ಅನ್ನುವಂತಿಲ್ಲ.

ಪಕ್ಕದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ಮಾಡಿದ್ದನ್ನೂ ಇಲ್ಲಿ ನೆನೆಯಬೇಕು. ಜರ್ಮನಿಯ ಹ್ಯಾಮಲಿನ್ ಪಟ್ಟಣದ ಇಲಿಗಳ ಕತೆಯನ್ನು ಇಂಗ್ಲಿಷ್ ಕವಿ ಬ್ರೌನಿಂಗ್ ಹೇಳಿದ್ದ. ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದು ಕಿಂದರಿಜೋಗಿಯನ್ನು ಮಾಡಿದರು. ಕೇಳಿದ ಕತೆಯನ್ನು ತನ್ನ ಊರಿಗೆ ಒಗ್ಗಿಸಿಕೊಳ್ಳುವ ಈ ಸ್ವಾತಂತ್ರ್ಯವನ್ನು ಮಕ್ಕಳಿಗೂ ಕೊಡಬೇಕೆಂದಷ್ಟೇ ನಾನು ಕೇಳುತ್ತಿರುವುದು. ಅವರ ಕಿಂದರಿಜೋಗಿ ಕೊಪ್ಪದ ಬಸ್ಸಿನಲ್ಲಿ ಬಂದಿಳಿದರೆ ಇಳಿಯಲಿ.

ಇನ್ನೊಂದು ಕತೆ ಹೇಳಿ ಮುಂದೆ ಹೋಗುತ್ತೇನೆ. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಕನ್ನಡ ನಾಡಿನ ಹೆಂಗಸರ ಬಾಯಿಂದ ಬಹಳಷ್ಟು ಕತೆ ಸಂಗ್ರಹಿಸಿದರು. ಅದರಲ್ಲಿ ಒಂದು ಹೀಗಿದೆ. ಒಬ್ಬ ಗೃಹಿಣಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕತೆ ಬಾಗಿಲಲ್ಲಿ ಜೋಡಿ ಪಾದರಕ್ಷೆಯಾಯಿತು, ಹಾಡು ಗೂಟಕ್ಕೆ ನೇತುಬಿದ್ದ ಗಂಡಸಿನ ಕೋಟಾಯಿತು. ಗಂಡ ಬಂದು ನೋಡಿ, ಯಾರು ಬಂದಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಎಂದಳು. ಜಗಳವಾಯಿತು. ಅವನು ಸಿಟ್ಟಾಗಿ ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳ ಜ್ಯೋತಿಗಳೆಲ್ಲ ಆರಿದ ಮೇಲೆ ಆ ಗುಡಿಗೆ ಬಂದು ಹರಟೆ ಹೊಡೆಯುತ್ತಿದ್ದವು. ಅವನ ಮನೆಯ ಜ್ಯೋತಿ ತಡವಾಗಿ ಬಂದು, ತಡವಾದ ಕಾರಣ ಹೇಳುವಾಗ ನಿಜ ಹೊರಬಿತ್ತು. ಗಂಡ ಮನೆಗೆ ಬಂದು ಆ ಕತೆ, ಆ ಹಾಡು ಯಾವುದೆಂದು ಹೆಂಡತಿಯನ್ನು ಕೇಳಿದ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು.

ಈ ಕತೆ ಓದಿದ ಮೇಲೆ ನನಗೆ ಮನೆಮನೆಯ ಅಜ್ಜಿಯಂದಿರದೇ ನೆನಪು. ಅವರಿಗೂ ಮರೆಯುವ ಮುನ್ನ ಮಕ್ಕಳನ್ನು ಅವರ ಪಕ್ಕ ಕೂರಿಸಬೇಕು. ಇದಕ್ಕೆ ಸಮಯವೆಲ್ಲಿ ಎಂದು ಕೇಳುತ್ತೀರಿ. ಜುಲೈ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಶಾಲೆಗಳಿಗೆ ಮಳೆ ರಜೆ ಘೋಷಣೆಯಾಗುವುದು ಹೊಸದಲ್ಲ. ಕರೆಂಟೂ ಇರುವುದಿಲ್ಲ, ಫೋನಿನ ಚಾರ್ಜೂ ಮುಗಿದಿರುತ್ತದೆ. ಅದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಜಾಗಕ್ಕೂ ಕೊರತೆಯಿಲ್ಲ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಅಲ್ಲಿ ವಾರಕ್ಕೊಂದು ಗಂಟೆ ಚಾಪೆ ಹಾಸಿದರೆ ಸಾಕು.

ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಕತೆಯನ್ನು ಬರೆದುಕೊಳ್ಳಲಿ. ಷಿಕಾಗೋದಲ್ಲಿ ಶಿಶುವಿಹಾರದ ಶಿಕ್ಷಕಿಯಾಗಿದ್ದ ವಿವಿಯನ್ ಪೇಲಿ ಎಂಬಾಕೆ ಮಕ್ಕಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ಅದೇ ದಿನ ತರಗತಿಯ ಮಕ್ಕಳೆಲ್ಲ ಸೇರಿ ಅದನ್ನು ಆಡಿ ತೋರಿಸುವಂತೆ ಮಾಡುತ್ತಿದ್ದರು. ಕತೆ ಹೇಳಿದ ಮಗು ತಾನು ಯಾವ ಪಾತ್ರವಾಗಬೇಕೆಂದು ತಾನೇ ಆರಿಸಿಕೊಳ್ಳುತ್ತಿತ್ತು. ಬರೆದುಕೊಳ್ಳುವವರು ಎರಡೇ ವಿಷಯ ನೆನಪಿಡಬೇಕು. ಮಗುವಿನ ಮಾತನ್ನು ಪುಸ್ತಕದ ಭಾಷೆಗೆ ತಿದ್ದಬಾರದು, ‘ಹೋಗ್ತಾ ಇತ್ತು’ ಎಂದರೆ ‘ಹೋಗ್ತಾ ಇತ್ತು’ ಎಂದೇ ಬರೆಯಬೇಕು. ಮತ್ತೆ ಪ್ರತಿ ಕತೆಯ ಕೆಳಗೆ ಅಂದು ಕೂತಿದ್ದ ಎಲ್ಲ ಮಕ್ಕಳ ಹೆಸರೂ ಇರಬೇಕು. ಮಾತನಾಡದೆ ಅಡಿಕೆಯನ್ನು ದಾಟಿಸಿದವರ ಹೆಸರೂ ಸೇರಿ.